ಸಾಕಿದವರೇ ಹುಡುಕಬೇಕಾದ ಹೊಸ ಮನೆ

ಫೆಬ್ರುವರಿ, ಮಾರ್ಚ್‌ನಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗೆ ಹೋದವರು ಮೊದಲು ತಲೆ ಎತ್ತುತ್ತಾರೆ, ಆಮೇಲೆ ಮೂಗು ಮುಚ್ಚಿಕೊಳ್ಳುತ್ತಾರೆ. ಬೀದಿಗೆ ಬಾಗಿದ ಹುಣಸೆಮರಗಳ ನೆತ್ತಿಯಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಗೂಡು. ಕೆಳಗೆ ನೆಲವೆಲ್ಲ ಹಿಕ್ಕೆ, ಜೊತೆಗೆ ಮೀನಿನ ವಾಸನೆ. ಅದೇ ಮರದಡಿ ಹಸು ಕಟ್ಟಿದ್ದಾರೆ, ಸೈಕಲ್ ಒರಗಿಸಿದ್ದಾರೆ, ಜಗಲಿಯಲ್ಲಿ ಕೂತ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಾರೆ. ಜೋರು ಗಾಳಿ ಬೀಸಿದಾಗ, ಅಥವಾ ಗೂಡಿನೊಳಗಿನ ನೂಕಾಟದಲ್ಲಿ, ಮರಿಯೊಂದು ದೊಪ್ಪನೆ ಕೆಳಗೆ ಬೀಳುತ್ತದೆ. ತಾಯಿಹಕ್ಕಿ ಇಳಿದು ಬಂದು ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ಯಾರೂ ನೋಡದಿದ್ದರೆ ಅದು ನಾಯಿಯ ಪಾಲು.

ಆದರೆ ಇಲ್ಲಿ ನೋಡುವವರಿದ್ದಾರೆ. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ತಂಡದ ಒತ್ತಾಸೆಯಿಂದ ಊರಿನ ಯುವಕರೇ ಕಟ್ಟಿಕೊಂಡ ‘ಹೆಜ್ಜಾರ್ಲೆ ಬಳಗ’ ಬಿದ್ದ ಮರಿಗಳನ್ನು ಎತ್ತಿ ತಂದು, ಬಲೆ ಕಟ್ಟಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ ಸಾಕಿತು. ರೆಕ್ಕೆ ಬಲಿತ ಮೇಲೆ ಅವು ತಮ್ಮ ಗುಂಪಿನ ಜೊತೆಗೇ ಹಾರಿ ಹೋಗುತ್ತಿದ್ದವು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಗಳಂತೆ ಈ ಹಕ್ಕಿ ಎಂದು ಊರಿನವರು ಹೇಳುವುದು ಬಾಯಿಮಾತಲ್ಲ. ಹಕ್ಕಿ ಕೂತ ಹುಣಸೆಮರದ ಫಸಲು ಕೈಗೆ ಹತ್ತುವುದಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಒಂದಿಷ್ಟು ಪರಿಹಾರ ಕೊಡುತ್ತದಾದರೂ ಮರ ಉಳಿದಿರುವುದು ಆ ಹಣದ ಆಸೆಗಲ್ಲ. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಘೋಷಣೆ ಬರುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಊರು ಆ ಕೆಲಸ ಮಾಡಿಕೊಂಡು ಬಂದಿತ್ತು.

ಹೆಜ್ಜಾರ್ಲೆ ಕಾಡುಹಕ್ಕಿ, ನಾವು ಮನೆಯಲ್ಲಿ ಸಾಕುವ ನಾಯಿ ಬೆಕ್ಕುಗಳ ಮಾತೇ ಬೇರೆ ಎನ್ನಬಹುದು. ಹೌದು, ಕಾನೂನಿನ ಕಣ್ಣಲ್ಲೂ ಬೇರೆ. ಆದರೂ ನೆಲೆ ತಪ್ಪಿದ ಜೀವವನ್ನು ಎಲ್ಲೋ ದೂರದ ಕೇಂದ್ರಕ್ಕೆ ಸಾಗಿಸಿ ಕೈತೊಳೆದುಕೊಳ್ಳದೆ, ಅದನ್ನು ಕಂಡವರೇ ಮುಂದಿನ ದಾರಿ ನೋಡುವ ಈ ಕ್ರಮ ಊರಿನಿಂದ 12 ಕಿಲೋಮೀಟರ್ ಆಚೆ, ರುದ್ರಾಕ್ಷಿಪುರದ ಬಳಿ ಹಾದುಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ತುರ್ತಾಗಿ ಬೇಕಾಗಿದೆ.

ಕಾರಿನಿಂದ ಇಳಿದ ನಾಯಿ

ಹೆದ್ದಾರಿ ಬದಿಯ ಊರುಗಳಲ್ಲಿ ಕೇಳಿ ನೋಡಿ. ಕುತ್ತಿಗೆಯಲ್ಲಿ ಬೆಲ್ಟ್ ಇರುವ, ಬೀದಿ ನಾಯಿಗಳಿಗೆ ಹೆದರಿ ಡಾಬಾದ ಮೇಜಿನಡಿ ಸೇರುವ, ಬರುವ ಪ್ರತಿ ಕಾರಿನ ಹಿಂದೆಯೂ ನಾಲ್ಕು ಹೆಜ್ಜೆ ಓಡಿ ನಿಲ್ಲುವ ನಾಯಿಯ ಕಥೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಯಾರೋ ಬಾಗಿಲು ತೆಗೆದು ಇಳಿಸಿ ಹೋಗಿರುತ್ತಾರೆ. ಊರಲ್ಲಿ ಹೇಗೋ ಬದುಕಿಕೊಳ್ಳುತ್ತದೆ ಎಂಬುದು ಅವರ ಸಮಾಧಾನ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿರುವುದಿಲ್ಲ. ವಾಹನದಿಂದ ತಪ್ಪಿಸಿಕೊಳ್ಳಲು ಬಾರದು, ಗುಂಪಿನ ಜಗಳದಲ್ಲಿ ನಿಲ್ಲಲೂ ಬಾರದು.

ಹಾಗೆ ಬಿಟ್ಟು ಹೋಗುವವರೆಲ್ಲ ಕಟುಕರೇನಲ್ಲ. ವರ್ಗಾವಣೆ, ಬಾಡಿಗೆ ಮನೆಯ ಮಾಲೀಕರ ತಕರಾರು, ಸಾಕಿದ ಹಿರಿಯರ ಸಾವು, ಮಗುವಿನ ಅಲರ್ಜಿ, ಏರಿದ ಖರ್ಚು ಹೀಗೆ ಕಾರಣಗಳಿರುತ್ತವೆ. ಕೆಲವು ಕಾರಣ ವಿಚಾರಿಸಿದರೆ ಕರಗಿಯೂ ಹೋಗುತ್ತವೆ. ಅಪಾರ್ಟ್‌ಮೆಂಟ್ ಸಂಘವೊಂದು ಪ್ರಾಣಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಸೊಸೆ ಬಸುರಿ ಎಂದು ಬೆಕ್ಕನ್ನು ಓಡಿಸಬೇಕಿಲ್ಲ. ಅದರ ಕಕ್ಕಸನ್ನು ಬೇರೆಯವರು ತೆಗೆದು, ಕೈ ತೊಳೆದುಕೊಂಡರೆ ಸಾಕು ಎಂದು ವೈದ್ಯರೇ ಹೇಳುತ್ತಾರೆ. ರೈಲಿನಲ್ಲಿ ನಾಯಿಯನ್ನು ಕರೆದೊಯ್ಯಲೂ ನಿಯಮವಿದೆ. ಇಷ್ಟಾದ ಮೇಲೂ ಕೊಡಲೇಬೇಕಾದ ಸಂದರ್ಭಗಳು ಉಳಿಯುತ್ತವೆ. ಈ ಲೇಖನ ಅಂಥ ಸಂದರ್ಭದಲ್ಲಿರುವವರಿಗಾಗಿ.

ಶೆಲ್ಟರ್ ಯಾಕೆ ಬೇಡ?

ಬೇಡ ಎಂದಲ್ಲ, ಕೊನೆಗಿರಲಿ ಎಂದು. ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆಗಳ ಮುಖ್ಯ ಕೆಲಸ ಗಾಯಗೊಂಡ, ಕಾಯಿಲೆ ಬಿದ್ದ, ಯಾರೂ ಇಲ್ಲದ ಪ್ರಾಣಿಗಳ ಆರೈಕೆ. ಅಲ್ಲಿನ ಪ್ರತಿ ಪಂಜರ ಲಾರಿ ಹೊಡೆದ ನಾಯಿಗೋ ಕರೆಂಟ್ ತಗುಲಿದ ಕೋತಿಗೋ ಬೇಕು. ಮನೆಯಲ್ಲಿ ಗಟ್ಟಿಮುಟ್ಟಾಗಿ ಉಂಡುಕೊಂಡಿದ್ದ ಲ್ಯಾಬ್ರಡಾರ್ ಆ ಜಾಗ ಹಿಡಿದರೆ ಇನ್ನೊಂದು ಹೊರಗೆ ಉಳಿಯುತ್ತದೆ.

ಜಾಗದ ಪ್ರಶ್ನೆ ಈಗ ಇನ್ನಷ್ಟು ಬಿಗಿಯಾಗಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಬೇಕು, ಮತ್ತೆ ಅಲ್ಲಿಗೇ ಬಿಡಬಾರದು ಎಂದು ಹೇಳಿತು. ಅದಕ್ಕೂ ಮೊದಲು ಆಗಸ್ಟ್ 22ರ ಆದೇಶದಲ್ಲಿ, ಬೀದಿ ನಾಯಿಯನ್ನು ದತ್ತು ತೆಗೆದುಕೊಂಡವರು ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳಬೇಕು ಎಂದಿತ್ತು. ಬೀದಿಯ ನಾಯಿಗೇ ಇಷ್ಟು ಹೊಣೆ ಎಂದ ಮೇಲೆ ದುಡ್ಡು ಕೊಟ್ಟು ತಂದ ನಾಯಿಗೆ ಎಷ್ಟಿರಬೇಡ?

ಇನ್ನೊಂದು ಕಾರಣ ಕಾಯಿಲೆ. ನೂರಾರು ಪ್ರಾಣಿ ಒಂದೆಡೆ ಸೇರಿದಲ್ಲಿ ಪಾರ್ವೊ, ಡಿಸ್ಟೆಂಪರ್ ಸೋಂಕು ಸುಲಭವಾಗಿ ಹಬ್ಬುತ್ತದೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು, ಎಳೆ ಮರಿಗೆ ಅದು ಮಾರಕ. ವಯಸ್ಸಾದ ಮನೆನಾಯಿಗೆ ತೊಂದರೆ ಬೇರೆ ಥರ: ಸುತ್ತ ಬೊಗಳುವ ಸದ್ದಿನ ನಡುವೆ ಊಟ ಬಿಟ್ಟು ಮೂಲೆ ಸೇರುತ್ತದೆ. ಅಲ್ಲಿಗೆ ದತ್ತು ಕೇಳಲು ಬಂದವರ ಕಣ್ಣಿಗೆ ಬೀಳುವುದು ಕಂಬಿ ಹಿಡಿದು ಕುಣಿಯುವ ಮರಿ. ಮೂಲೆಯಲ್ಲಿ ಕೂತದ್ದು ತನ್ನ ಮನೆಯಲ್ಲಿ ಹೇಗಿತ್ತು ಎಂದು ಹೇಳುವವರು ಅಲ್ಲಿ ಯಾರೂ ಇಲ್ಲ. ಅದನ್ನು ಬಲ್ಲವರು ಬಿಟ್ಟು ಹೋದವರು ಮಾತ್ರ. ಮುಂದಿನ ಮನೆಯನ್ನು ಅವರೇ ಹುಡುಕಬೇಕು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಲ್ಲು ನೋಡದೆ ಹಸು ಕೊಂಡವರುಂಟೆ?

ಪ್ರಾಣಿಯನ್ನು ಕೈಯಿಂದ ಕೈಗೆ ದಾಟಿಸುವ ವಿದ್ಯೆ ಮಂಡ್ಯ ಸೀಮೆಗೆ ಹೊಸದಲ್ಲ. ಮದ್ದೂರು, ಮಳವಳ್ಳಿ ಕಡೆ ಒಂದು ಹಸು ಕೈ ಬದಲಾಗುವುದನ್ನು ಗಮನಿಸಿ. ಕೊಳ್ಳುವವನು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ಆಮೇಲೆ ಸುಳಿ ನೋಡುತ್ತಾನೆ, ಕೆಚ್ಚಲು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. “ಒದೀತದಾ? ಹಾಯ್ತದಾ? ಹೆಂಗಸರು ಕರೆದ್ರೆ ಸೊರ ಬಿಡ್ತದಾ?” ಎಂದು ಕೇಳುತ್ತಾನೆ. “ಸಂಜೆ ಬಂದು ನೀವೇ ಕರೆದು ನೋಡಿ ಅಣ್ಣ” ಎನ್ನುತ್ತಾನೆ ಮಾರುವವನು. ಎರಡು ಹೊತ್ತು ಕರೆದು ನೋಡಿದ ಮೇಲೆ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ರೇಟು. ಸುಳ್ಳು ಹೇಳಿ ಮಾರಿದವನ ಹೆಸರು ಮುಂದಿನ ಸಂತೆಯ ಹೊತ್ತಿಗೆ ಹತ್ತು ಊರಿಗೆ ಗೊತ್ತಾಗಿರುತ್ತದೆ.

ಇದರ ಜೊತೆಗೆ ಪಾಲಿಗೆ ಸಾಕುವ ಪದ್ಧತಿಯೂ ಇದೆ. ನೋಡಿಕೊಳ್ಳಲು ಕೈಲಾಗದ ಮನೆಯವರು ಹಸುವನ್ನೋ ಕುರಿಯನ್ನೋ ಇನ್ನೊಬ್ಬರ ಕೊಟ್ಟಿಗೆಗೆ ಬಿಡುತ್ತಾರೆ. ಹುಟ್ಟಿದ ಮರಿಯಲ್ಲಿ ಇಬ್ಬರಿಗೂ ಪಾಲು. ಬಂಡೂರು ಕುರಿಯ ತೌರಾದ ಮಳವಳ್ಳಿ ಸೀಮೆಯಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ, ಮಕ್ಕಳು ಪಟ್ಟಣ ಸೇರಿದ ಮುದುಕರಿಗೆ ಇಂಥ ಒಪ್ಪಂದ ಆಸರೆ. ಪ್ರಾಣಿ ಕಣ್ಣಳತೆಯಲ್ಲೇ ಇರುತ್ತದೆ, ಸಾಕುವವನಿಗೂ ಲಾಭವಿರುತ್ತದೆ. ನಗರದಲ್ಲಿ ‘ಫಾಸ್ಟರ್’ ಎಂದು ಕರೆಯುವ ತಾತ್ಕಾಲಿಕ ಸಾಕಣೆಯನ್ನು ಕಲಿಸಲು ಯಾರೂ ಇಲ್ಲಿಗೆ ಬರಬೇಕಿಲ್ಲ.

ದನದ ವಿಷಯದಲ್ಲಿ ಈ ಸರಪಳಿ ಎಲ್ಲಿ ತುಂಡಾಗಿದೆ ಎಂಬುದೂ ಎಲ್ಲರಿಗೂ ಗೊತ್ತು. ಸೀಮೆಹಸು ಹಾಕಿದ ಗಂಡುಕರುವಿಗೆ ಗಿರಾಕಿ ಇಲ್ಲ. ಉಳುಮೆಗೆ ಟ್ರ್ಯಾಕ್ಟರ್ ಬಂದಿದೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆಯ ನಂತರ ಮುದಿ ಹಸುವನ್ನು ಸಾಗಿಸುವುದೂ ಕಷ್ಟ. ಗೋಶಾಲೆಗಳ ಹೊರೆ ಹೆಚ್ಚಿ, 2022ರಲ್ಲಿ ಸರ್ಕಾರ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಹಸುವೊಂದರ ಖರ್ಚು ಹೊರುವ ಯೋಜನೆ ಅದು. ಹಸು ಮಾತ್ರ ಗೋಶಾಲೆಯಲ್ಲೇ ಉಳಿಯುತ್ತದೆ. ಆ ಕಥೆಗೆ ಬೇರೆಯೇ ಲೇಖನ ಬೇಕು.

ನನ್ನನ್ನು ಕಾಡುವುದು ಇಷ್ಟು: ಹಸುವಿಗೆ ಇಷ್ಟೆಲ್ಲ ವಿಚಾರಿಸುವ ನಾವು ನಾಯಿಮರಿಯನ್ನು ಮಾತ್ರ ಫೋಟೊ ನೋಡಿ ತರುತ್ತೇವೆ, “ಯಾರಾದ್ರೂ ತಗೊಂಡೋಗಿ” ಎಂದು ಒಂದೇ ಸಾಲಿನಲ್ಲಿ ಕೊಟ್ಟುಬಿಡುತ್ತೇವೆ. ಊರಲ್ಲಿ ನಾಯಿಮರಿ ಕೇಳಲು ಬಂದವರ ಮೊದಲ ಪ್ರಶ್ನೆ “ಗಂಡಾ, ಹೆಣ್ಣಾ?” ಹೆಣ್ಣಾದರೆ ಮಾತು ಅಲ್ಲಿಗೇ ಮುಗಿಯಿತು. ಗಂಡುಮರಿಗಳೆಲ್ಲ ಒಂದೊಂದು ಮನೆ ಸೇರಿದ ಮೇಲೆ ಉಳಿದ ಹೆಣ್ಣುಮರಿಗಳು ಕೋಳಿ ಅಂಗಡಿಯ ಹಿಂಬದಿಗೋ ಕಬ್ಬಿನ ಗದ್ದೆಯ ಬದುವಿಗೋ ಹೋಗುತ್ತವೆ. ಮರಿ ಹಾಕೀತೆಂಬ ಈ ಭಯ ಸಂತಾನಶಕ್ತಿಹರಣದ ಒಂದು ಆಪರೇಷನ್ ಮಾಡಿಸಿದರೆ ಮುಗಿಯುತ್ತದೆ.

‘ತೋಟಕ್ಕೆ ಬಿಟ್ಟಿದ್ದೇವೆ’

ಪಟ್ಟಣದವರು ನಾಯಿ ಕೊಟ್ಟ ಮೇಲೆ ಮಕ್ಕಳಿಗೆ ಹೇಳುವ ಮಾತು ಇದು. ತೋಟವೆಂದರೆ ನಾಯಿಗೆ ಸ್ವರ್ಗ, ಇಡೀ ದಿನ ಓಡಾಡಿಕೊಂಡಿರುತ್ತದೆ ಎಂಬ ನಂಬಿಕೆ. ನಿಜದಲ್ಲಿ ತೋಟದ ನಾಯಿಯ ಕೆಲಸ ಕಾವಲು. ಪಂಪ್‌ಸೆಟ್ ಮನೆಯ ಪಕ್ಕ ಸರಪಳಿಯಲ್ಲಿ ಕಟ್ಟುತ್ತಾರೆ. ದಿನಕ್ಕೊಮ್ಮೆ ಬರುವ ಆಳು ಮುದ್ದೆಯ ಚೂರು ಎಸೆದು ಹೋಗುತ್ತಾನೆ. ಸೋಫಾದ ಮೇಲೆ ಮಲಗಿ ಬೆಳೆದ ನಾಯಿ ಮಳೆಯಲ್ಲಿ ನೆನೆದು, ಉಣ್ಣೆ ಹತ್ತಿ, ಉಣ್ಣೆಜ್ವರ ಬಂದು ಸಾಯುತ್ತದೆ.

ಇದಕ್ಕಿಂತ ಕೆಟ್ಟದ್ದು ಚಿರತೆ. ಮದ್ದೂರು, ಮಳವಳ್ಳಿ ತಾಲ್ಲೂಕಿನ ಕಬ್ಬಿನ ಗದ್ದೆಗಳಲ್ಲಿ ಚಿರತೆ ಕಾಣಿಸಿಕೊಂಡ ಸುದ್ದಿ ಈಗ ಮಾಮೂಲು, ಅದರ ಇಷ್ಟದ ಬೇಟೆ ನಾಯಿ. ಬಿಟ್ಟ ನಾಯಿ ಓಡಿಯಾದರೂ ಓಡೀತು, ಕಟ್ಟಿದ ನಾಯಿಗೆ ದಾರಿಯೇ ಇಲ್ಲ. ಬೆಳಿಗ್ಗೆ ಹೋದರೆ ಸರಪಳಿ ಮಾತ್ರ ಉಳಿದಿರುತ್ತದೆ. ತೋಟಕ್ಕೆ ಕೊಡಬಾರದು ಎನ್ನುತ್ತಿಲ್ಲ. ರಾತ್ರಿ ಎಲ್ಲಿ ಮಲಗಿಸುತ್ತೀರಿ, ಯಾರು ಅಲ್ಲಿ ವಾಸವಿರುತ್ತಾರೆ ಎಂದು ಕೇಳಿ, ಕಣ್ಣಾರೆ ನೋಡಿ ಕೊಡಿ. ಉತ್ತರ ತಡವರಿಸಿದರೆ ನಾಯಿಯನ್ನು ಕರೆದುಕೊಂಡು ವಾಪಸ್ ಬನ್ನಿ.

ಕೊಡುವ ಮುನ್ನ

ಮೊದಲು ಪಶು ಆಸ್ಪತ್ರೆ. ರೇಬಿಸ್ ಲಸಿಕೆ ಹಾಕಿಸಿ, ಚುಚ್ಚುಮದ್ದಿನ ಪುಸ್ತಕ ಸರಿಪಡಿಸಿಕೊಳ್ಳಿ. ಮರಿಗೆ ಮೂರು ತಿಂಗಳಾದಾಗ ಮೊದಲ ರೇಬಿಸ್ ಲಸಿಕೆ, ಆಮೇಲೆ ವರ್ಷಕ್ಕೊಂದು. ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬಿಡಿಸಬಾರದು. ಅದಕ್ಕಿಂತ ಎಳೆಯ ಮರಿಯ ಮಾರಾಟವನ್ನು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೂ ಒಪ್ಪುವುದಿಲ್ಲ.

ಎರಡನೆಯದು ಆಪರೇಷನ್. ಜಾತಿನಾಯಿ, ಅದರಲ್ಲೂ ಹೆಣ್ಣುನಾಯಿ ಪುಕ್ಕಟೆ ಸಿಗುತ್ತದೆ ಎಂದರೆ ಕೇಳಿಕೊಂಡು ಬರುವವರಲ್ಲಿ ಮರಿ ಹಾಕಿಸಿ ಮಾರುವ ದಂಧೆಯವರೂ ಇರುತ್ತಾರೆ. ಮಾತು ಸಿಹಿಯಾಗಿರುತ್ತದೆ, ಮೊಬೈಲಿನಲ್ಲಿ ಮಕ್ಕಳ ಫೋಟೊ ತೋರಿಸುತ್ತಾರೆ. ನಾಯಿಗೆ ಆಪರೇಷನ್ ಆಗಿದೆ ಎಂದ ಕೂಡಲೇ ಅವರ ಆಸಕ್ತಿ ಇಳಿದುಹೋಗುತ್ತದೆ. ಇಷ್ಟು ಅಗ್ಗದ ಜರಡಿ ಬೇರೊಂದಿಲ್ಲ.

ಮೂರನೆಯದು ನಾಲ್ಕು ಸಾಲಿನ ಪರಿಚಯ. ‘ಮುದ್ದಾದ ನಾಯಿ, ಒಳ್ಳೆಯ ಮನೆ ಬೇಕು’ ಎಂದು ಬರೆದರೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ‘ಹೆಣ್ಣು, ಐದು ವರ್ಷ, ಆಪರೇಷನ್ ಆಗಿದೆ, ಲಸಿಕೆ ಸರಿಯಾಗಿದೆ. ಮಕ್ಕಳೊಂದಿಗೆ ಹೊಂದಿಕೊಳ್ಳುತ್ತದೆ. ಕೋಳಿ, ಬೆಕ್ಕು ಕಂಡರೆ ಅಟ್ಟುತ್ತದೆ. ಪಟಾಕಿ ಸದ್ದಿಗೆ ಮಂಚದಡಿ ಸೇರುತ್ತದೆ. ಉಣ್ಣುವಾಗ ತಟ್ಟೆ ಮುಟ್ಟಿದರೆ ಗುರುಗುಟ್ಟುತ್ತದೆ.’ ಕೊನೆಯ ಸಾಲನ್ನು ಮುಚ್ಚಿಡುವ ಆಸೆಯಾಗುತ್ತದೆ. ಮುಚ್ಚಿಟ್ಟರೆ ಹೊಸ ಮನೆಯ ಮಗುವಿನ ಕೈಗೆ ಹಲ್ಲು ಬೀಳುತ್ತದೆ, ನಾಯಿ ಬೀದಿಗೆ ಬೀಳುತ್ತದೆ. ಯಾರನ್ನಾದರೂ ಕಚ್ಚಿದ ಇತಿಹಾಸ ಇದ್ದರಂತೂ ಅದನ್ನೇ ಮೊದಲು ಹೇಳಬೇಕು.

ಕೇಳಿಕೊಂಡು ಬಂದವರ ಮನೆಗೆ ಪ್ರಾಣಿಯನ್ನು ನೀವೇ ಕರೆದುಕೊಂಡು ಹೋಗಿ. ಗೇಟು, ಕಾಂಪೌಂಡು, ಮನೆಯ ಹಿರಿಯರ ಮುಖ ಎಲ್ಲವನ್ನೂ ನೋಡಿ. ಯಜಮಾನರಿಗೆ ಇಷ್ಟವಿದ್ದು ಅತ್ತೆಗೆ ಇಷ್ಟವಿಲ್ಲದ ಮನೆಯಲ್ಲಿ ನಾಯಿ ಉಳಿಯುವುದಿಲ್ಲ. ಒಂದೆರಡು ವಾರ ನೋಡೋಣ ಎಂಬ ಷರತ್ತಿನ ಮೇಲೆ ಬಿಡಿ. ಮೊದಲ ಮೂರು ನಾಲ್ಕು ದಿನ ಅದು ಸರಿಯಾಗಿ ಉಣ್ಣುವುದಿಲ್ಲ, ಬಾಗಿಲ ಕಡೆಯೇ ನೋಡುತ್ತಿರುತ್ತದೆ. ಹೊಸಬರು ಗಾಬರಿಯಾಗದಂತೆ ಮೊದಲೇ ಹೇಳಿಡಿ. ಹಳೆಯ ಹೊದಿಕೆ, ತಟ್ಟೆ, ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೊಟ್ಟು ಬನ್ನಿ.

ಒಂದು ಹಾಳೆಯ ಒಪ್ಪಂದವೂ ಇರಲಿ. ಇಬ್ಬರ ಹೆಸರು, ವಿಳಾಸ, ಪ್ರಾಣಿಯ ಗುರುತು, ಕೊಟ್ಟ ದಿನಾಂಕ, ಕೆಳಗೆ ಒಂದೇ ಷರತ್ತು: ಒಗ್ಗದಿದ್ದರೆ ಇನ್ಯಾರಿಗೂ ದಾಟಿಸದೆ ನನಗೇ ತಿಳಿಸಬೇಕು. ಇದು ಕೋರ್ಟಿಗೆ ಹೋಗಲು ಅಂತಲ್ಲ, ಸಹಿ ಹಾಕಿದವರಿಗೆ ವಿಷಯ ನೆನಪಿರುತ್ತದೆ ಎಂದು. ನಗರದಲ್ಲಿ ನಾಯಿಗೆ ಲೈಸೆನ್ಸ್ ಮಾಡಿಸಿದ್ದರೆ ಹೆಸರು ಬದಲಿಸಿ. ಹಸು ಎಮ್ಮೆಯಾದರೆ ಕಿವಿಯ ಹಳದಿ ಬಿಲ್ಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಮಾಲೀಕರು ಬದಲಾದದ್ದನ್ನು ಪಶು ಆಸ್ಪತ್ರೆಯಲ್ಲಿ ನಮೂದಿಸಿ, ಇಲ್ಲದಿದ್ದರೆ ವಿಮೆಯ ಹೊತ್ತಿಗೆ ಪರದಾಟ.

ಬೆಕ್ಕಿನ ಲೆಕ್ಕ ಬೇರೆ

ಗೋಣಿಚೀಲಕ್ಕೆ ಹಾಕಿ ಹೊಳೆಯಾಚೆ ಬಿಟ್ಟರೂ ಬೆಕ್ಕು ಮರಳಿ ಬಂದ ಕಥೆ ಪ್ರತಿ ಊರಲ್ಲೂ ಇದೆ. ಮರಳಿ ಬಾರದ ಬೆಕ್ಕುಗಳ ಕಥೆ ಹೇಳುವವರಿಲ್ಲ. ಬೆಕ್ಕಿಗೆ ಮನುಷ್ಯರಷ್ಟೇ ಜಾಗವೂ ಮುಖ್ಯ. ಹೊಸ ಮನೆಯಲ್ಲಿ ಎರಡು ಮೂರು ವಾರ ಒಂದೇ ಕೋಣೆಯಲ್ಲಿಟ್ಟು, ಅಲ್ಲೇ ಊಟ, ಅಲ್ಲೇ ಮರಳಿನ ಬುಟ್ಟಿ ಇಟ್ಟು ಒಗ್ಗಿಸಬೇಕು. ಮೊದಲ ದಿನವೇ ಬಾಗಿಲು ತೆರೆದರೆ ಅದು ಹಳೆ ಮನೆ ಹುಡುಕಿಕೊಂಡು ಹೊರಟು ರಸ್ತೆಯ ಪಾಲಾಗುತ್ತದೆ.

ಕೈ ಬದಲಿಸಬಾರದ ಜೀವಿಗಳು

ಪಂಜರದ ಗಿಳಿ ನಮ್ಮ ಕಡೆ ಎಷ್ಟು ಮಾಮೂಲೆಂದರೆ ಅದು ಅಪರಾಧ ಎಂದು ಹೇಳಿದರೆ ನಗುತ್ತಾರೆ. ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಸಾಕುವುದೂ ತಪ್ಪು, ಇನ್ನೊಬ್ಬರಿಗೆ ಕೊಡುವುದೂ ತಪ್ಪು. ಇವುಗಳನ್ನು ಒಪ್ಪಿಸಬೇಕಾದದ್ದು ಅರಣ್ಯ ಇಲಾಖೆಗೆ. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ ಮರಿಯೂ ಇದೇ ಸಾಲಿನದು. ಪ್ರವಾಸ ಬಂದವರು ಕನಿಕರದಿಂದ ಮರಿಯನ್ನು ಕಾರಿಗೆ ಹಾಕಿಕೊಂಡು ಹೋಗುವಂತಿಲ್ಲ. ಮಕಾವ್‌ನಂಥ ವಿದೇಶಿ ಹಕ್ಕಿಗಳ ಪೈಕಿ ಕಾಯ್ದೆಯ ಪಟ್ಟಿಯಲ್ಲಿರುವ ತಳಿಗಳನ್ನು 2024ರ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ಅದನ್ನೂ ತಿಳಿಸಬೇಕು.

ಐವತ್ತು ರೂಪಾಯಿ ದಂಡ

ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಸಿಲುಕುವಂತೆ ಬಿಟ್ಟು ಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲದ ದಂಡ ಎಷ್ಟು ಗೊತ್ತೆ? ಹತ್ತರಿಂದ ಐವತ್ತು ರೂಪಾಯಿ. ಎರಡು ಮದ್ದೂರು ವಡೆ ತಿಂದು ಕಾಫಿ ಕುಡಿದರೆ ಇವತ್ತು ಅದಕ್ಕಿಂತ ಹೆಚ್ಚಾಗುತ್ತದೆ. ಇಂಥ ದಂಡಕ್ಕೆ ಹೆದರಿ ಯಾರೂ ಕಾರಿನ ಬಾಗಿಲು ಮುಚ್ಚುವುದಿಲ್ಲ. ಹಾಗಾಗಿ ಕಾನೂನನ್ನು ನಂಬಿ ಕೂರುವುದಕ್ಕಿಂತ ಕೊಡುವವರಿಗೂ ಕೇಳುವವರಿಗೂ ಒಂದು ದಾರಿ ಮಾಡಿಕೊಡುವುದೇ ವಾಸಿ.

ಆ ದಾರಿಗೆ ದೊಡ್ಡ ಏರ್ಪಾಡೇನೂ ಬೇಡ. ಗೆಜ್ಜಲಗೆರೆಯ ಮನ್‌ಮುಲ್ ಒಕ್ಕೂಟಕ್ಕೆ ಹಾಲು ಕಳಿಸುವ ಹಳ್ಳಿಗಳ ಡೇರಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಊರಿನ ಮುಕ್ಕಾಲು ಮನೆಯವರು ಕ್ಯಾನ್ ಹಿಡಿದು ಬರುತ್ತಾರೆ. ಅಲ್ಲಿ ಯಾರ ಮನೆಯಲ್ಲಿ ಪ್ರಾಣಿಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಡೇರಿಯ ಗೋಡೆಯಲ್ಲಿ, ತಾಲ್ಲೂಕಿನ ಪಶು ಆಸ್ಪತ್ರೆಯ ಹೊರಗೆ ಒಂದು ಹಲಗೆ ತೂಗುಹಾಕಿ ‘ಕೊಡುವವರು, ಬೇಕಾದವರು’ ಎಂದು ಎರಡು ಕಾಲಂ ಎಳೆದರೆ ಸಾಕು. ಡೇರಿ ಕಾರ್ಯದರ್ಶಿಗಳು, ಪಂಚಾಯ್ತಿ ಸದಸ್ಯರು ಮನಸ್ಸು ಮಾಡಬೇಕು. ಪಟ್ಟಣದ ಓದುಗರಲ್ಲಿ ಒಂದು ಕೋರಿಕೆ: ಜೂನ್‌ನಲ್ಲಿ ಮನೆ ಖಾಲಿ ಮಾಡುವುದಿದ್ದರೆ ಏಪ್ರಿಲ್‌ನಲ್ಲೇ ಹುಡುಕಲು ಶುರುಮಾಡಿ. ಸಾಮಾನಿನ ಲಾರಿ ಬಾಗಿಲಿಗೆ ಬಂದ ದಿನ ನಾಯಿಗೆ ಒಳ್ಳೆಯ ಮನೆ ಸಿಗುವುದಿಲ್ಲ.